ಕೆಮಿಕಲ್ ಎಂಜಿನಿಯರಿಂಗ್ ಓದಿದರೆ ಕೆಲಸ ಎಲ್ಲಿ, ಸಂಬಳ ಎಷ್ಟು? ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಗೋಣಿಕೊಪ್ಪ, ಕುಶಾಲನಗರಗಳ ಪಿಯುಸಿ ವಿದ್ಯಾರ್ಥಿಗಳು, ಅವರ ತಂದೆತಾಯಿಗಳು ಮತ್ತು ಈಗಾಗಲೇ ಕೆಲಸಕ್ಕೆ ಸೇರಿರುವ ತರುಣ ಎಂಜಿನಿಯರುಗಳು ಮತ್ತೆ ಮತ್ತೆ ಕೇಳುತ್ತ ಬಂದಿರುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಕೊಟ್ಟಿದ್ದೇನೆ. ಸರ್ಕಾರಿ ಉದ್ದಿಮೆಗಳ ವೇತನಶ್ರೇಣಿಗಳು ಅಧಿಸೂಚನೆಗಳಲ್ಲಿ ಪ್ರಕಟವಾದಂಥವು. ಖಾಸಗಿ ಕಂಪನಿಗಳ ಸಂಬಳಗಳು ಈ ಕ್ಷೇತ್ರದಲ್ಲಿರುವವನಾಗಿ ನಾನು ಕಂಡ ಅಂದಾಜುಗಳು. ಎರಡನ್ನೂ ಒಂದೇ ತೂಕದಲ್ಲಿ ಓದಬಾರದೆಂದು ಕೋರುತ್ತೇನೆ.

## ಮೊದಲ ಪ್ರಶ್ನೆಗಳು

ಕೆಮಿಕಲ್ ಎಂಜಿನಿಯರಿಂಗ್ ಅಂದ್ರೆ ಲ್ಯಾಬಲ್ಲಿ ಕೆಮಿಸ್ಟ್ರಿ ಮಾಡೋದೇ ಅಲ್ವಾ?

ಲ್ಯಾಬಿನ ಕೆಲಸ ಮುಗಿದ ನಂತರ ಕೆಮಿಕಲ್ ಎಂಜಿನಿಯರನ ಕೆಲಸ ಶುರುವಾಗುತ್ತದೆ. ರಸಾಯನಶಾಸ್ತ್ರಜ್ಞರು ಗಾಜಿನ ಪಾತ್ರೆಯಲ್ಲಿ ಕೆಲವು ಗ್ರಾಂ ತಯಾರಿಸಿ ತೋರಿಸಿದ್ದನ್ನು ದಿನಕ್ಕೆ ಟನ್ನುಗಟ್ಟಲೆ, ಪ್ರತಿ ಸಲವೂ ಒಂದೇ ಗುಣಮಟ್ಟದಲ್ಲಿ, ಅಪಾಯವಿಲ್ಲದೆ, ಲಾಭ ಉಳಿಯುವ ಖರ್ಚಿನಲ್ಲಿ ತಯಾರಿಸುವುದು ಅವನ ಹೊಣೆ. ಪಾತ್ರೆ ದೊಡ್ಡದಾದಂತೆ ಅದರ ಗಾತ್ರ ಘನದ ಪ್ರಮಾಣದಲ್ಲಿ ಹೆಚ್ಚಿದರೆ ಹೊರಮೈ ವರ್ಗದ ಪ್ರಮಾಣದಲ್ಲಿ ಮಾತ್ರ ಹೆಚ್ಚುವುದರಿಂದ, ಚಿಕ್ಕ ಪಾತ್ರೆಯಲ್ಲಿ ತಾನಾಗಿಯೇ ಆರುತ್ತಿದ್ದ ಶಾಖ ದೊಡ್ಡ ರಿಯಾಕ್ಟರಿನಲ್ಲಿ ಒಳಗೇ ಉಳಿದು ತೊಂದರೆ ಕೊಡುತ್ತದೆ. ಇಂಥ ಸಮಸ್ಯೆಗಳೇ ಈ ವಿದ್ಯೆಯ ತಿರುಳು.

ಕೊಡಗಿನವರಿಗೆ ಇದನ್ನು ತಿಳಿಯಲು ಇನ್‌ಸ್ಟಂಟ್ ಕಾಫಿಯಷ್ಟು ಒಳ್ಳೆಯ ಉದಾಹರಣೆ ಬೇರೆಯಿಲ್ಲ. ಹುರಿದು ಪುಡಿಮಾಡಿದ ಬೀಜದಿಂದ ಬಿಸಿನೀರಿನಲ್ಲಿ ಸಾರ ತೆಗೆಯುವುದು, ಆ ಸಾರವನ್ನು ಗಟ್ಟಿಗೊಳಿಸುವುದು, ಸುವಾಸನೆಯನ್ನು ಪ್ರತ್ಯೇಕವಾಗಿ ಹಿಡಿದಿಡುವುದು, ಕೊನೆಗೆ ಬಿಸಿಗಾಳಿಯಲ್ಲಿ ಸಿಂಪಡಿಸಿ ಅಥವಾ ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸುವುದು: ಈ ಪ್ರತಿಯೊಂದು ಹಂತಕ್ಕೂ ನಮ್ಮ ಪಠ್ಯಕ್ರಮದಲ್ಲಿ ಒಂದೊಂದು ಅಧ್ಯಾಯವಿದೆ. ಕಣದಲ್ಲಿ ಹರಡಿದ ಕಾಫಿ ತೇವಾಂಶ ಶೇಕಡಾ 10–11ಕ್ಕೆ ಇಳಿಯುವ ತನಕ ಕಾಯುವ ಬೆಳೆಗಾರನಿಗೆ ಒಣಗಿಸುವಿಕೆಯ ಕಷ್ಟ ಗೊತ್ತಿದೆ. ಅದರ ಲೆಕ್ಕ ಹಾಕುವುದನ್ನು ಈ ಕೋರ್ಸು ಕಲಿಸುತ್ತದೆ.

ನಮ್ಮ ಜಿಲ್ಲೇಲಿ ಈ ಕೋರ್ಸ್ ಇದ್ಯಾ? ಇಲ್ದಿದ್ರೆ ಎಲ್ಲಿಗೆ ಕಳಿಸ್ಬೇಕು?

ಇದನ್ನು ಓದಲು ಜಿಲ್ಲೆಯಿಂದ ಹೊರಗೆ ಹೋಗಲೇಬೇಕು. ರಾಜ್ಯದಲ್ಲಿ ಸುರತ್ಕಲ್‌ನ ಎನ್‌ಐಟಿಕೆಗೆ ಜೆಇಇ ಮೇನ್ ಮೂಲಕ ಪ್ರವೇಶ. ಬೆಂಗಳೂರಿನ ಆರ್‌ವಿ, ಬಿಎಂಎಸ್, ರಾಮಯ್ಯ ಕಾಲೇಜುಗಳಿಗೆ ಮತ್ತು ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯಕ್ಕೆ ಸಿಇಟಿ ಅಥವಾ ಕಾಮೆಡ್‌ಕೆ ಮೂಲಕ ಸೇರಬಹುದು. ಮಣಿಪಾಲದ ಎಂಐಟಿ ತನ್ನದೇ ಪರೀಕ್ಷೆ ನಡೆಸುತ್ತದೆ. ಕಂಪ್ಯೂಟರ್ ಸೈನ್ಸಿಗೆ ಬೇಕಾದ ರ‍್ಯಾಂಕಿಗಿಂತ ಸಾಕಷ್ಟು ಹಿಂದಿನ ರ‍್ಯಾಂಕಿಗೂ ಇಲ್ಲಿ ಸೀಟು ದೊರೆಯುವುದುಂಟು. ಆದರೆ ಒಳ್ಳೆಯ ಕಾಲೇಜಿನ ಹೆಸರಿಗಾಗಿ ಮಾತ್ರ ಈ ವಿಭಾಗಕ್ಕೆ ಸೇರಿದವರು ಎರಡನೇ ವರ್ಷದ ಥರ್ಮೋಡೈನಮಿಕ್ಸ್ ಮತ್ತು ಮಾಸ್ ಟ್ರಾನ್ಸ್‌ಫರ್ ಪಾಠಗಳಲ್ಲಿ ಬಳಲುವುದನ್ನು ಕಂಡಿದ್ದೇನೆ.

ಮಗಳಿಗೆ ಕೆಮಿಸ್ಟ್ರಿ ಇಷ್ಟ, ಗಣಿತ ಅಂದ್ರೆ ಅಷ್ಟಕ್ಕಷ್ಟೆ. ಸೇರಿಸಬಹುದಾ?

ಬೇಡವೆನ್ನುವುದು ನನ್ನ ಅಭಿಪ್ರಾಯ. ಇಲ್ಲಿ ಗಣಿತ ಮತ್ತು ಭೌತಶಾಸ್ತ್ರಕ್ಕೆ ರಸಾಯನಶಾಸ್ತ್ರಕ್ಕಿಂತ ಹೆಚ್ಚಿನ ಜಾಗವಿದೆ. ರಸಾಯನಶಾಸ್ತ್ರದ ಮೇಲೇ ಪ್ರೀತಿಯಿದ್ದರೆ ಬಿಎಸ್ಸಿ, ಎಂಎಸ್ಸಿ ಮಾಡಿ ಔಷಧ ಸಂಶೋಧನೆಯ ಕಡೆಗೆ ಹೋಗುವ ದಾರಿ ಗೌರವದ್ದೂ ಹೌದು, ಅನ್ನ ಕೊಡುವಂಥದ್ದೂ ಹೌದು.

ಡಿಪ್ಲೊಮಾ ಮಾಡಿದ್ರೆ ಸಾಕಾಗಲ್ವಾ? ಬೇಗ ಕೆಲಸ ಸಿಗುತ್ತೆ ಅಂತಾರೆ.

ಬೇಗ ಸಿಗುವುದು ನಿಜ. ಡಿಪ್ಲೊಮಾ ಮಾಡಿದವರು ಸಾಮಾನ್ಯವಾಗಿ ಕಂಟ್ರೋಲ್ ರೂಮ್ ಅಥವಾ ಘಟಕದ ಆಪರೇಟರುಗಳಾಗಿ ಸೇರುತ್ತಾರೆ. ರಿಫೈನರಿ (ಕಚ್ಚಾತೈಲ ಸಂಸ್ಕರಿಸುವ ಘಟಕ), ರಸಗೊಬ್ಬರ ಕಾರ್ಖಾನೆಗಳಲ್ಲಿ ಅನುಭವಿ ಆಪರೇಟರನ ಮಾತಿಗೆ ಹೊಸ ಎಂಜಿನಿಯರನ ಮಾತಿಗಿಂತ ಹೆಚ್ಚು ಬೆಲೆಯಿರುತ್ತದೆ, ಇರಲೂಬೇಕು. ಆದರೆ ವಿನ್ಯಾಸ ಮತ್ತು ಆಡಳಿತದ ಹುದ್ದೆಗಳಿಗೆ ಏರುವಾಗ ಪದವಿ ಕೇಳುತ್ತಾರೆ. ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ಅವಕಾಶವಿರುವುದರಿಂದ, ಮನೆಯ ಪರಿಸ್ಥಿತಿ ನೋಡಿಕೊಂಡು ಮೊದಲು ಡಿಪ್ಲೊಮಾ ಮುಗಿಸುವುದರಲ್ಲಿ ನಷ್ಟವೇನೂ ಇಲ್ಲ.

## ಸಂಬಳದ ಪ್ರಶ್ನೆಗಳು

ಶುರುವಿನಲ್ಲಿ ಎಷ್ಟು ಸಿಗುತ್ತೆ? ಕಾಲೇಜಿನವರು ಹೇಳೋದು ಬೇಡ, ನಿಜ ಹೇಳಿ.

ಒಂದೇ ಪದವಿ ಪಡೆದವರ ಮೊದಲ ಸಂಬಳದಲ್ಲಿ ಇಷ್ಟು ಅಂತರವಿರುವ ವಿಭಾಗಗಳು ಕಡಿಮೆ. ಸಣ್ಣ ಮತ್ತು ಮಧ್ಯಮ ಗಾತ್ರದ ಔಷಧ, ಬಣ್ಣ, ರಾಸಾಯನಿಕ ಘಟಕಗಳಲ್ಲಿ ವರ್ಷಕ್ಕೆ ಎರಡೂವರೆಯಿಂದ 4 ಲಕ್ಷ ರೂಪಾಯಿ ಸಾಮಾನ್ಯ. ಹೆಸರುವಾಸಿ ದೊಡ್ಡ ಕಂಪನಿಗಳು ಟ್ರೇನಿ ಎಂಜಿನಿಯರಿಗೆ 5ರಿಂದ 8 ಲಕ್ಷ ಕೊಡುತ್ತವೆ. ಬೆಂಗಳೂರಿನಲ್ಲಿರುವ ಬಹುರಾಷ್ಟ್ರೀಯ ತಂತ್ರಜ್ಞಾನ ಕೇಂದ್ರಗಳು ಇನ್ನೂ ಹೆಚ್ಚು ಕೊಟ್ಟರೂ ಅಲ್ಲಿ ಹುದ್ದೆಗಳು ಕೆಲವೇ, ಅವೂ ಬಹುಪಾಲು ಎನ್‌ಐಟಿ, ಐಐಟಿಗಳವರ ಪಾಲಾಗುತ್ತವೆ. ಕಾಲೇಜುಗಳು ಜಾಹೀರಾತಿನಲ್ಲಿ ತೋರಿಸುವ ಅತಿ ಹೆಚ್ಚಿನ ಪ್ಯಾಕೇಜು ಬಹಳ ಸಲ ಸಾಫ್ಟ್‌ವೇರ್ ಅಥವಾ ಡೇಟಾ ವಿಶ್ಲೇಷಣೆಯ ಕೆಲಸಕ್ಕೆ ಹೋದ ವಿದ್ಯಾರ್ಥಿಯದ್ದಾಗಿರುತ್ತದೆ. ಆದ್ದರಿಂದ ಕಾಲೇಜಿಗೆ ಭೇಟಿ ಕೊಟ್ಟಾಗ ಎರಡು ಪ್ರಶ್ನೆ ಕೇಳಿ: ಈ ವಿಭಾಗದ ಎಷ್ಟು ಮಂದಿ ಕೆಮಿಕಲ್ ಉದ್ಯಮಕ್ಕೇ ಹೋದರು? ಅವರ ಪೈಕಿ ನಡುವಿನವನ ಸಂಬಳ ಎಷ್ಟು? ಉತ್ತರ ಕೊಡಲು ಹಿಂಜರಿಯುವ ಕಾಲೇಜಿನ ಬಗ್ಗೆ ಎಚ್ಚರವಿರಲಿ.

ನಂತರದ ಏರಿಕೆ ನಿಧಾನವಾದರೂ ಸ್ಥಿರ. ಖಾಸಗಿ ವಲಯದಲ್ಲಿ ಐದು ವರ್ಷ ಉತ್ಪಾದನೆಯಲ್ಲಿ ದುಡಿದವರು 7ರಿಂದ 12 ಲಕ್ಷದ ನಡುವೆ, ಹದಿನೈದು ವರ್ಷಕ್ಕೆ ಘಟಕದ ಹೊಣೆ ಹೊತ್ತವರು 20 ಲಕ್ಷ ದಾಟಿ ಇರುವುದನ್ನು ಕಾಣುತ್ತೇನೆ.

ಪ್ಯಾಕೇಜು 4 ಲಕ್ಷ ಅಂದ್ರು. ಹಾಗಾದ್ರೆ ತಿಂಗಳಿಗೆ 33 ಸಾವಿರ ಕೈಗೆ ಬರುತ್ತಲ್ವಾ?

ಬರುವುದಿಲ್ಲ. ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚನ್ನು ಸಿಟಿಸಿ ಎನ್ನುತ್ತಾರೆ. ಮೂಲವೇತನ ಅದರ ಅರ್ಧ, ಅಂದರೆ 2 ಲಕ್ಷ ಎಂದಿಟ್ಟುಕೊಳ್ಳಿ. ಕಂಪನಿಯ ಪಾಲಿನ ಭವಿಷ್ಯನಿಧಿ ಶೇಕಡಾ 12ರಂತೆ 24,000 ರೂಪಾಯಿ, ಗ್ರಾಚ್ಯುಟಿಗೆ ಎತ್ತಿಡುವುದು ಸುಮಾರು 9,600 ರೂಪಾಯಿ ಅದರಲ್ಲೇ ಸೇರಿರುತ್ತದೆ. ಇವನ್ನು ಕಳೆದರೆ ತಿಂಗಳಿಗೆ ಸುಮಾರು 30,500 ಉಳಿಯುತ್ತದೆ. ಅದರಿಂದ ನಿಮ್ಮ ಪಾಲಿನ ಭವಿಷ್ಯನಿಧಿ 2,000, ವೃತ್ತಿ ತೆರಿಗೆ 200 ಕಳೆದಾಗ ಕೈಗೆ 28,300ರ ಆಸುಪಾಸು. ವಾರ್ಷಿಕ ಪ್ರೋತ್ಸಾಹಧನ ಮತ್ತು ವಿಮೆಯ ಕಂತುಗಳನ್ನೂ ಪ್ಯಾಕೇಜಿಗೆ ಸೇರಿಸಿದ್ದರೆ ಇನ್ನಷ್ಟು ಇಳಿಯುತ್ತದೆ. ಇನ್ನೊಂದು ಕಡೆ, ಕಾರ್ಖಾನೆಗಳು ಕ್ಯಾಂಟೀನು, ಬಸ್ಸು, ಕೆಲವೆಡೆ ವಸತಿಯನ್ನೂ ಕೊಡುತ್ತವೆ. ಊರಿನಿಂದ ಹೊರಗೆ ಬಂದು ದುಡಿಯುವ ಹುಡುಗನಿಗೆ ಇವು ಕಡಿಮೆ ಉಳಿತಾಯವಲ್ಲ.

ಎಂಆರ್‌ಪಿಎಲ್, ಇಂಡಿಯನ್ ಆಯಿಲ್ ಥರದ ಕಡೆ ಸೇರೋದು ಹೇಗೆ? ಅಲ್ಲಿ ಸಂಬಳ ಅಷ್ಟೊಂದು ಜಾಸ್ತಿನಾ?

ಈ ಸರ್ಕಾರಿ ತೈಲ ಉದ್ದಿಮೆಗಳಲ್ಲಿ ಸಂಬಳ ಹೆಚ್ಚೇ ಇದೆ, ಅದಕ್ಕೇ ಸ್ಪರ್ಧೆಯೂ ಕಠಿಣ. ಇಂಡಿಯನ್ ಆಯಿಲ್‌ನಲ್ಲಿ ಹೊಸ ಅಧಿಕಾರಿಯ ವೇತನಶ್ರೇಣಿ 50,000–1,60,000 ರೂಪಾಯಿ, ಒಎನ್‌ಜಿಸಿಯಲ್ಲಿ 60,000–1,80,000. ಇದು ಮೂಲವೇತನ ಮಾತ್ರ. ತುಟ್ಟಿಭತ್ಯೆ ಈಚೆಗೆ ಮೂಲವೇತನದ ಅರ್ಧದ ಆಸುಪಾಸಿನಲ್ಲಿದೆ, ಇತರ ಭತ್ಯೆಗಳು ಶೇಕಡಾ 35ರವರೆಗೆ ಸಿಗುತ್ತವೆ. ಹೀಗೆ 50,000ದ ಮೇಲೆ 25,000 ಮತ್ತು 17,500 ಸೇರಿ, ಮನೆ ಬಾಡಿಗೆಯ ಲೆಕ್ಕಕ್ಕೆ ಮೊದಲೇ ತಿಂಗಳಿಗೆ 92,500 ಆಗುತ್ತದೆ. ಖಾಸಗಿ ವಲಯದಲ್ಲಿ ಇಷ್ಟನ್ನು ತಲುಪಲು ಹಲವು ವರ್ಷ ಬೇಕು.

ಈ ಉದ್ದಿಮೆಗಳು ಕೆಲವು ವರ್ಷ ಎಂಜಿನಿಯರಿಂಗ್ ಪದವೀಧರರಿಗಾಗಿ ನಡೆಯುವ ರಾಷ್ಟ್ರಮಟ್ಟದ ಗೇಟ್ ಪರೀಕ್ಷೆಯ ಅಂಕದ ಮೇಲೆ, ಕೆಲವು ವರ್ಷ ತಮ್ಮದೇ ಪರೀಕ್ಷೆಯ ಮೂಲಕ ನೇಮಕ ಮಾಡುತ್ತವೆ. ಕೆಲವು ವರ್ಷ ನೇಮಕವೇ ಇರುವುದಿಲ್ಲ. ಹುದ್ದೆಗಳ ಸಂಖ್ಯೆ ಪರೀಕ್ಷೆ ಬರೆಯುವವರ ಸಂಖ್ಯೆಯ ಮುಂದೆ ತೀರ ಚಿಕ್ಕದು. ಗೇಟ್ ಅಂಕಕ್ಕೆ ಮೂರು ವರ್ಷ ಮಾನ್ಯತೆ ಇದೆ, ಅದೇ ಅಂಕದಿಂದ ಎಂಟೆಕ್ ಪ್ರವೇಶವೂ ಸಾಧ್ಯ. ಹಾಗಾಗಿ ಓದಿದ್ದು ವ್ಯರ್ಥವಾಗುವುದಿಲ್ಲ. ಆದರೆ ಕೆಲಸ ಬಿಟ್ಟು ವರ್ಷಗಟ್ಟಲೆ ಮನೆಯಲ್ಲಿ ಕುಳಿತು ಇದೊಂದಕ್ಕೇ ಓದುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಒಂದು ಪ್ರಯತ್ನವನ್ನು ಕೊನೆಯ ವರ್ಷದಲ್ಲಿ, ಇನ್ನೊಂದನ್ನು ಕೆಲಸ ಮಾಡುತ್ತಲೇ ಮಾಡಿ. ಭಾಭಾ ಅಣು ಸಂಶೋಧನಾ ಕೇಂದ್ರ ಮತ್ತು ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ಕೂಡ ಈ ವಿಭಾಗದವರನ್ನು ತೆಗೆದುಕೊಳ್ಳುತ್ತವೆ. ಸೇನೆಯ ನಂಟಿರುವ ನಮ್ಮ ಎಷ್ಟೋ ಮನೆಗಳಲ್ಲಿ ಡಿಆರ್‌ಡಿಒದ ಈ ದಾರಿ ಗೊತ್ತೇ ಇಲ್ಲ.

ಸಾಫ್ಟ್‌ವೇರಿಗೆ ಹೋದವರು ಎರಡೇ ವರ್ಷಕ್ಕೆ ಕಾರು ತಗೊಂಡ್ರು. ಇದ್ರಲ್ಲಿ ಹಾಗಾಗುತ್ತಾ?

ಸಾಮಾನ್ಯವಾಗಿ ಆಗುವುದಿಲ್ಲ. ಮೊದಲ ಐದು ವರ್ಷದ ಗಳಿಕೆಯೇ ಮುಖ್ಯವಾದ ಮನೆಗೆ ಇದು ಸರಿಯಾದ ಆಯ್ಕೆಯಲ್ಲವೆಂದು ನೇರವಾಗಿ ಹೇಳುತ್ತೇನೆ. ಈ ವೃತ್ತಿಯಲ್ಲಿ ಬೆಲೆ ಬರುವುದು ಅನುಭವಕ್ಕೆ. ಒಂದು ಬಟ್ಟಿ ಇಳಿಸುವ ಗೋಪುರ ಏಕೆ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು ಅದರ ಒತ್ತಡ, ಉಷ್ಣಾಂಶ ನೋಡಿ ಹೇಳಬಲ್ಲವನಿಗೆ ನಲವತ್ತೈದರ ವಯಸ್ಸಿನಲ್ಲೂ ಬೇಡಿಕೆ ಕುಂದುವುದಿಲ್ಲ.

## ಊರು, ಮನೆ, ಸುರಕ್ಷತೆ

ತೋಟ ನೋಡ್ಕೊಳ್ಳೋಕೆ ಮಗ ಹತ್ತಿರದಲ್ಲೇ ಇರಬೇಕು. ಅಕ್ಕಪಕ್ಕದಲ್ಲಿ ಕೆಲಸ ಸಿಗುತ್ತಾ?

ಜಿಲ್ಲೆಯೊಳಗೆ ಅವಕಾಶ ಬಹಳ ಕಡಿಮೆ. ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದ ಕಾಫಿ ಕ್ಯೂರಿಂಗ್ ಘಟಕಗಳ ಕೆಲಸ ಹೆಚ್ಚಾಗಿ ಸಿಪ್ಪೆ ತೆಗೆಯುವುದು, ವಿಂಗಡಿಸುವುದು. ಅಲ್ಲಿ ಕೆಮಿಕಲ್ ಎಂಜಿನಿಯರುಗಳ ಅಗತ್ಯ ಅಲ್ಪ. ದೇಶದ ಕಾಫಿಯ ಮೂರನೇ ಒಂದು ಭಾಗದಷ್ಟು ಬೆಳೆಯುವ ಜಿಲ್ಲೆ ನಮ್ಮದು. ಆದರೂ ಇಲ್ಲಿ ತೋಟಗಳಿರುವ ಟಾಟಾ ಸಮೂಹದ ದೇಶದೊಳಗಿನ ಇನ್‌ಸ್ಟಂಟ್ ಕಾಫಿ ಘಟಕಗಳಿರುವುದು ತೆಲಂಗಾಣದ ತೂಪ್ರಾನ್ ಮತ್ತು ತಮಿಳುನಾಡಿನ ಥೇಣಿಯಲ್ಲಿ. ಇದು ನನಗೆ ಬಹಳ ಕಾಲದಿಂದ ನೋವು ಕೊಡುವ ಸಂಗತಿ.

ವಾರದ ರಜೆಗೆ ಮನೆ ತಲುಪಬಹುದಾದ ದೂರದಲ್ಲಿ ಎರಡು ದಿಕ್ಕುಗಳಿವೆ. ಸಂಪಾಜೆ ಘಾಟಿ ಇಳಿದರೆ ಮಂಗಳೂರು: ವರ್ಷಕ್ಕೆ 150 ಲಕ್ಷ ಟನ್ ಕಚ್ಚಾತೈಲ ಸಂಸ್ಕರಿಸುವ ಸಾಮರ್ಥ್ಯದ ಎಂಆರ್‌ಪಿಎಲ್, ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಹೆಸರಿನಲ್ಲಿದ್ದ ಪಣಂಬೂರಿನ ರಸಗೊಬ್ಬರ ಕಾರ್ಖಾನೆ, ಬಿಎಎಸ್‌ಎಫ್, ಸಿಂಜೀನ್. ಕುಶಾಲನಗರ ದಾಟಿ ಬಯಲಿಗೆ ಹೋದರೆ ಮೈಸೂರು ಮತ್ತು ನಂಜನಗೂಡು: ನೆಸ್ಲೆಯ ಕಾಫಿ ಕಾರ್ಖಾನೆ, ಜುಬಿಲೆಂಟ್‌ನ ಔಷಧ ಘಟಕ, 2018ರಲ್ಲಿ ಆರಂಭವಾದ ಏಷ್ಯನ್ ಪೇಂಟ್ಸ್, ಮೈಸೂರಿನ ಜೆಕೆ ಟೈರ್. ಮಂಡ್ಯದ ಕಡೆಯ ಸಕ್ಕರೆ ಕಾರ್ಖಾನೆಗಳ ಡಿಸ್ಟಿಲರಿಗಳನ್ನೂ ಮರೆಯಬಾರದು. 2018ರ ಆಗಸ್ಟಿನಲ್ಲಿ ಭೂಕುಸಿತದಿಂದ ಮಂಗಳೂರಿನ ರಸ್ತೆ ಮುಚ್ಚಿದ್ದನ್ನು ಕಂಡವರು ಮಳೆಗಾಲದಲ್ಲಿ ಮೈಸೂರಿನ ದಿಕ್ಕೇ ಲೇಸೆನ್ನುತ್ತಾರೆ. ಅದೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಮಾತೇ.

ಆದರೆ ಮೊದಲ ಕೆಲಸ ಹತ್ತಿರವೇ ಬೇಕೆಂದು ಹಟ ಹಿಡಿದರೆ ಅರ್ಧ ಬಾಗಿಲುಗಳು ಮುಚ್ಚಿಬಿಡುತ್ತವೆ. ಈ ಉದ್ಯಮ ಗಟ್ಟಿಯಾಗಿ ನೆಲೆಸಿರುವುದು ಗುಜರಾತಿನ ದಹೇಜ್, ಅಂಕಲೇಶ್ವರ, ವಾಪಿಗಳಲ್ಲಿ, ಜಾಮ್‌ನಗರದಲ್ಲಿ, ಹೈದರಾಬಾದ್ ಮತ್ತು ವಿಶಾಖಪಟ್ಟಣದ ಸುತ್ತ. ಮೊದಲ ನಾಲ್ಕೈದು ವರ್ಷ ಅಲ್ಲಿ ಕಲಿತು, ನಂತರ ಮಂಗಳೂರು ಅಥವಾ ಮೈಸೂರಿಗೆ ಒಳ್ಳೆಯ ಹುದ್ದೆಗೆ ಮರಳುವುದು ಬಹಳ ಮಂದಿ ಹಿಡಿದ ದಾರಿ. ಕೊಯ್ಲು ನಡೆಯುವ ಡಿಸೆಂಬರಿನಿಂದ ಫೆಬ್ರವರಿವರೆಗೆ ದೀರ್ಘ ರಜೆ ಸಿಗುತ್ತದೆಂದು ಮಾತ್ರ ನಿರೀಕ್ಷಿಸಬೇಡಿ.

ಹೆಣ್ಣುಮಕ್ಕಳಿಗೆ ಫ್ಯಾಕ್ಟರಿ ಕೆಲಸ ಕೊಡ್ತಾರಾ? ನೈಟ್ ಶಿಫ್ಟ್ ಇರುತ್ತಲ್ಲಾ?

1948ರ ಕಾರ್ಖಾನೆ ಕಾಯ್ದೆಯ 66ನೇ ಕಲಮು ಮಹಿಳೆಯರ ದುಡಿಮೆಯನ್ನು ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ಮಿತಿಗೊಳಿಸಿತ್ತು. ಇದೇ ನೆಪದಲ್ಲಿ ಎಷ್ಟೋ ಘಟಕಗಳು ಹುಡುಗಿಯರನ್ನು ಉತ್ಪಾದನಾ ವಿಭಾಗಕ್ಕೆ ತೆಗೆದುಕೊಳ್ಳುತ್ತಲೇ ಇರಲಿಲ್ಲ. ಕರ್ನಾಟಕ 2023ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಸಾರಿಗೆ ಮತ್ತು ಭದ್ರತೆಯ ಷರತ್ತುಗಳೊಂದಿಗೆ, ಒಪ್ಪಿಗೆ ಕೊಟ್ಟ ಮಹಿಳೆಯರು ರಾತ್ರಿ ಪಾಳಿಯಲ್ಲಿ ದುಡಿಯಲು ಅವಕಾಶ ಮಾಡಿತು. ವಿನ್ಯಾಸ, ಗುಣಮಟ್ಟ, ಪರಿಸರ, ಸಂಶೋಧನೆಯ ವಿಭಾಗಗಳಲ್ಲಿ ಮೊದಲಿನಿಂದಲೂ ಅವರಿದ್ದಾರೆ. ಆದರೂ ಪಾಳಿಯಲ್ಲಿ ಘಟಕ ನಡೆಸಿದ ಅನುಭವವಿಲ್ಲದೆ ಮೇಲಿನ ಹುದ್ದೆಗೆ ಏರುವುದು ಕಷ್ಟ. ಆದ್ದರಿಂದ ಅವಕಾಶ ಬಂದಾಗ, ವ್ಯವಸ್ಥೆ ಸರಿಯಿದೆಯೆಂದು ಖಾತರಿಯಾದರೆ, ಮಗಳನ್ನು ತಡೆಯಬೇಡಿ ಎಂದು ತಂದೆತಾಯಿಗಳನ್ನು ಕೇಳಿಕೊಳ್ಳುತ್ತೇನೆ.

ಭೋಪಾಲಿನಲ್ಲಿ ಆದದ್ದು ಓದಿ ಹೆದರಿಕೆ ಆಗುತ್ತೆ. ಜೀವಕ್ಕೆ ಅಪಾಯ ಇಲ್ವಾ?

ಹೆದರಿಕೆ ನ್ಯಾಯವಾದದ್ದು. 1984ರ ಡಿಸೆಂಬರ್ 2–3ರ ರಾತ್ರಿ ಭೋಪಾಲಿನ ಕೀಟನಾಶಕ ಕಾರ್ಖಾನೆಯಲ್ಲಿ ಮೀಥೈಲ್ ಐಸೊಸಯನೇಟ್ ಎಂಬ ವಿಷ ರಾಸಾಯನಿಕ ತುಂಬಿದ್ದ ಟ್ಯಾಂಕಿಗೆ ನೀರು ಸೇರಿ ರಾಸಾಯನಿಕ ಕ್ರಿಯೆ ಹತೋಟಿ ತಪ್ಪಿದಾಗ, ಟ್ಯಾಂಕನ್ನು ತಂಪಾಗಿಡುವ ಯಂತ್ರ ನಿಂತಿತ್ತು, ಅನಿಲವನ್ನು ಸುಡಬೇಕಾದ ಫ್ಲೇರ್ ಕೆಲಸ ಮಾಡುವ ಸ್ಥಿತಿಯಲ್ಲಿರಲಿಲ್ಲ. ಸಾವಿರಾರು ಜನ ಸತ್ತರು. 2020ರ ಮೇ 7ರಂದು ವಿಶಾಖಪಟ್ಟಣದಲ್ಲಿ ಸ್ಟೈರೀನ್ ಸೋರಿದ್ದೂ ಲಾಕ್‌ಡೌನಿನಲ್ಲಿ ನಿಂತಿದ್ದ ಟ್ಯಾಂಕಿನ ಉಷ್ಣಾಂಶವನ್ನು ಕಾಯದ ಕಾರಣಕ್ಕೆ. ಎರಡರಲ್ಲೂ ಏನು ಮಾಡಬೇಕೆಂಬುದು ಎಂಜಿನಿಯರಿಂಗಿಗೆ ಮೊದಲೇ ಗೊತ್ತಿತ್ತು, ಮಾಡಲಿಲ್ಲ.

ಕೆಲಸಕ್ಕೆ ಸೇರುವ ಮುನ್ನ ಘಟಕವನ್ನು ನೋಡಲು ಕೇಳಿ. ಕೆಲಸಗಾರರ ಮೈಮೇಲೆ ಸುರಕ್ಷತಾ ಉಡುಪು ಇದೆಯೇ, ತುರ್ತು ಶವರಿನಲ್ಲಿ ನೀರು ಬರುತ್ತದೆಯೇ, ಬಿಸಿ ಕೆಲಸಕ್ಕೆ (ವೆಲ್ಡಿಂಗಿನಂಥ ಕಿಡಿ ಹಾರುವ ಕೆಲಸಕ್ಕೆ) ಲಿಖಿತ ಪರವಾನಗಿ ಪಡೆಯುವ ಪದ್ಧತಿ ಇದೆಯೇ ಎಂಬುದನ್ನು ಗಮನಿಸಿ. ಇವಿಲ್ಲದ ಕಡೆ 50,000 ಹೆಚ್ಚು ಕೊಟ್ಟರೂ ಸೇರಬಾರದು. ಈ ಒಂದು ವಿಷಯದಲ್ಲಿ ರಾಜಿಯ ಮಾತೇ ಇಲ್ಲ.

ಕಾವೇರಿ ಹುಟ್ಟೋ ನಾಡಿನವರು ನಾವು. ಕೆಮಿಕಲ್ ಓದಿ ಹೊಳೆ ಕೆಡಿಸೋ ಕೆಲಸ ಮಾಡ್ಬೇಕಾ?

ಹೊಳೆ ಕೆಡದಂತೆ ನೋಡಿಕೊಳ್ಳುವುದೂ ಈ ವಿದ್ಯೆಯ ಕೆಲಸವೇ. ದೂರ ಹೋಗಬೇಕಿಲ್ಲ: ಕಾಫಿ ಹಣ್ಣನ್ನು ಪಲ್ಪಿಂಗ್ ಮಾಡಿದಾಗ ಹೊರಬರುವ ಆಮ್ಲೀಯ, ಸಕ್ಕರೆಭರಿತ ನೀರು ಸಂಸ್ಕರಣೆಯಿಲ್ಲದೆ ತೋಡಿಗೆ ಸೇರಿದರೆ ಸೂಕ್ಷ್ಮಜೀವಿಗಳು ಅದನ್ನು ಕರಗಿಸುವಾಗ ನೀರಿನ ಆಮ್ಲಜನಕವನ್ನೆಲ್ಲ ಹೀರಿ ಮೀನುಗಳನ್ನು ಕೊಲ್ಲುತ್ತವೆ. ಸುಣ್ಣ ಹಾಕಿ ಆಮ್ಲತೆ ಇಳಿಸುವುದು, ಗಾಳಿಯಿಲ್ಲದ ಹೊಂಡದಲ್ಲಿ ಕೊಳೆಸಿ ಅನಿಲ ಪಡೆಯುವುದು, ನಂತರ ಗಾಳಿ ಊದಿ ಶುದ್ಧಗೊಳಿಸುವುದು ಕೆಮಿಕಲ್ ಎಂಜಿನಿಯರ್ ಲೆಕ್ಕ ಹಾಕಿ ಕಟ್ಟುವ ವ್ಯವಸ್ಥೆ. ತ್ಯಾಜ್ಯನೀರು ಸಂಸ್ಕರಣೆಯ ಸಂಸ್ಥೆಗಳು, ಸಲಹಾ ಕಂಪನಿಗಳು, ಮಾಲಿನ್ಯ ನಿಯಂತ್ರಣ ಮಂಡಳಿ, ಹೀಗೆ ಇಲ್ಲಿ ಕೆಲಸಗಳಿವೆ. ಆರಂಭದ ಸಂಬಳ ಉತ್ಪಾದನಾ ವಿಭಾಗಕ್ಕಿಂತ ತುಸು ಕಡಿಮೆ.

## ಮುಂದುವರಿದ ಪ್ರಶ್ನೆಗಳು

ಎಲೆಕ್ಟ್ರಿಕ್ ಗಾಡಿ ಬಂದ್ಮೇಲೆ ರಿಫೈನರಿಗಳೇ ಮುಚ್ಚಿಹೋದ್ರೆ?

ನಾಳೆ ನಾಡಿದ್ದರಲ್ಲಿ ಮುಚ್ಚುವುದಿಲ್ಲ; ಪ್ಲಾಸ್ಟಿಕ್, ನೂಲು, ದ್ರಾವಕಗಳ ಮೂಲವಸ್ತು ಬರುವುದೂ ಅಲ್ಲಿಂದಲೇ. ಬ್ಯಾಟರಿಯೊಳಗಿನ ಪುಡಿಗಳ ತಯಾರಿಕೆ, ಲೇಪನ, ಒಣಗಿಸುವಿಕೆ ನಮ್ಮ ವಿಭಾಗದ ಕೆಲಸ. 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಯೋಜನೆ 19,744 ಕೋಟಿ ರೂಪಾಯಿಯದ್ದು, 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಉತ್ಪಾದನೆ ಅದರ ಗುರಿ. ಆ ಗುರಿ ಎಷ್ಟು ಈಡೇರಿದರೂ ಅದನ್ನು ಕಟ್ಟುವವರಲ್ಲಿ ನಮ್ಮವರು ಇರಲೇಬೇಕು.

ಎಂಟೆಕ್, ಪಿಎಚ್‌ಡಿ ಮಾಡಿದ್ರೆ ಸಂಬಳ ಹೆಚ್ಚುತ್ತಾ?

ಉತ್ಪಾದನಾ ವಿಭಾಗದಲ್ಲಿ ಎಂಟೆಕ್‌ಗೆ ಸಿಗುವ ಹೆಚ್ಚುವರಿ ಸಂಬಳ, ಆ ಎರಡು ವರ್ಷದ ಅನುಭವಕ್ಕೆ ಸಿಗುವುದಕ್ಕಿಂತ ಹೆಚ್ಚೇನಲ್ಲ. ಪ್ರಕ್ರಿಯೆ ವಿನ್ಯಾಸ, ಸಿಮ್ಯುಲೇಶನ್ (ಘಟಕದ ನಡೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ನೋಡುವುದು), ಸಂಶೋಧನೆಯ ಕಡೆ ಹೋಗುವವರಿಗೆ ಅದು ಅಗತ್ಯ. ಗೇಟ್ ಮೂಲಕ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನವಿದೆ. ಪಿಎಚ್‌ಡಿಯಲ್ಲಿ 2023ರ ಪರಿಷ್ಕರಣೆಯ ನಂತರ ಮೊದಲೆರಡು ವರ್ಷ ತಿಂಗಳಿಗೆ 37,000, ಆಮೇಲೆ 42,000. ಸಂಬಳಕ್ಕಾಗಿ ಪಿಎಚ್‌ಡಿ ಮಾಡಬೇಡಿ. ಬಿಡಿಸಲೇಬೇಕೆನಿಸುವ ಪ್ರಶ್ನೆಯೊಂದು ಸಿಕ್ಕಿದ್ದರೆ ಮಾಡಿ.

ಹೊರದೇಶದಲ್ಲಿ ಎಷ್ಟು ಸಿಗುತ್ತೆ?

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2023ರಲ್ಲಿ ಅಲ್ಲಿನ ಕೆಮಿಕಲ್ ಎಂಜಿನಿಯರುಗಳ ಮಧ್ಯಮ ವಾರ್ಷಿಕ ವೇತನ 1,12,100 ಡಾಲರ್. ಆದರೆ ಅಲ್ಲಿ ಇಡೀ ದೇಶಕ್ಕೆ ಈ ಹುದ್ದೆಗಳು ಇಪ್ಪತ್ತು ಸಾವಿರದ ಆಸುಪಾಸು ಮಾತ್ರ, ವೀಸಾದ ತೊಡಕು ಬೇರೆ. ಕೊಲ್ಲಿ ದೇಶಗಳು ಹೊಸಬರನ್ನು ಅಷ್ಟಾಗಿ ತೆಗೆದುಕೊಳ್ಳುವುದಿಲ್ಲ. ರಿಫೈನರಿ ಅಥವಾ ಪೆಟ್ರೋಕೆಮಿಕಲ್ ಘಟಕದಲ್ಲಿ ಐದಾರು ವರ್ಷ ದುಡಿದವರಿಗೆ ಅಲ್ಲಿ ಆದಾಯ ತೆರಿಗೆಯಿಲ್ಲದ ಒಳ್ಳೆಯ ಸಂಬಳವಿದೆ. ತೋಟದ ಮೇಲೆ ಸಾಲ ಮಾಡಿ ವಿದೇಶದಲ್ಲಿ ಎಂಎಸ್ ಓದಿಸುವ ಮುನ್ನ ಈ ಎರಡನ್ನೂ ತೂಗಿ ನೋಡಿ.

ಪ್ರೊಡಕ್ಷನ್ನಲ್ಲಿ ಐದು ವರ್ಷ ಆಯ್ತು, ಸಂಬಳ ಏರ್ತಾ ಇಲ್ಲ. ಏನು ಮಾಡ್ಲಿ?

ಒಂದೇ ಘಟಕದಲ್ಲಿ ಒಂದೇ ಪಾಳಿ ನಡೆಸಿದ ಐದು ವರ್ಷವನ್ನು ಮಾರುಕಟ್ಟೆ ಒಂದು ವರ್ಷದ ಅನುಭವದಂತೆ ಕಾಣುತ್ತದೆ. ಹೊಸ ಘಟಕದ ಆರಂಭದ ಕೆಲಸಕ್ಕೆ ಕೇಳಿ ಸೇರಿಕೊಳ್ಳಿ. ಆ ಒಂದು ವರ್ಷ ಕಲಿಸುವುದನ್ನು ಬೇರೆ ಯಾವುದೂ ಕಲಿಸುವುದಿಲ್ಲ. ಅಪಾಯಗಳನ್ನು ಸಾಲುಸಾಲಾಗಿ ಪ್ರಶ್ನಿಸುವ ಹ್ಯಾಝಾಪ್ ಪದ್ಧತಿಯಲ್ಲಿ ಪಳಗಿದವರಿಗೆ, ಸಿಮ್ಯುಲೇಶನ್ ತಂತ್ರಾಂಶ ಬಲ್ಲವರಿಗೆ ಸಲಹಾ ಕಂಪನಿಗಳಲ್ಲಿ ಬೇಡಿಕೆಯಿದೆ. ನೀವು ಉಳಿಸಿದ ಹಬೆ, ಹೆಚ್ಚಿಸಿದ ಇಳುವರಿ, ತಗ್ಗಿಸಿದ ದ್ರಾವಕದ ನಷ್ಟವನ್ನು ರೂಪಾಯಿಯಲ್ಲಿ ಬರೆದಿಟ್ಟುಕೊಳ್ಳಿ. ಸಂದರ್ಶನದಲ್ಲಿ ಹುದ್ದೆಯ ಹೆಸರಿಗಿಂತ ಆ ಲೆಕ್ಕವೇ ಮಾತಾಡುತ್ತದೆ.

ಕೆಲಸ ಬಿಟ್ಟು ಊರಲ್ಲೇ ಕಾಫಿ, ಮೆಣಸಿನ ಉದ್ಯಮ ಮಾಡಬಹುದಾ?

ಮಾಡಬಹುದು, ಆದರೆ ಎಲ್ಲಿಂದ ಆರಂಭಿಸುತ್ತೀರಿ ಎಂಬುದು ಮುಖ್ಯ. ಇನ್‌ಸ್ಟಂಟ್ ಕಾಫಿಗೆ ದೊಡ್ಡ ಬಂಡವಾಳ, ನಿರಂತರ ಹಬೆ ಮತ್ತು ವಿದ್ಯುತ್ ಬೇಕು. ಸಣ್ಣ ಪ್ರಮಾಣದಲ್ಲಿ ಅದು ಗಿಟ್ಟುವುದಿಲ್ಲ. ಕರಿಮೆಣಸಿನಿಂದ ಓಲಿಯೊರೆಸಿನ್ (ಪರಿಮಳ, ಖಾರ ಎರಡೂ ಇರುವ ಗಟ್ಟಿ ಸಾರ) ತೆಗೆಯುವ ಉದ್ಯಮ ಪಕ್ಕದ ಕೇರಳದಲ್ಲಿ ಬೇರೂರಿದೆ. ಕೋಲಂಚೇರಿಯ ಸಿಂಥೈಟ್ 1972ರಿಂದ ಈ ಕ್ಷೇತ್ರದಲ್ಲಿದೆ. ದ್ರಾವಕದ ಬದಲು ಇಂಗಾಲದ ಡೈಆಕ್ಸೈಡನ್ನು 31 ಡಿಗ್ರಿ ಮತ್ತು ಸುಮಾರು 74 ಬಾರ್ ಒತ್ತಡ ಮೀರಿಸಿ ಸಾರ ತೆಗೆಯುವ ವಿಧಾನ ಶುದ್ಧವಾದರೂ, ಆ ಒತ್ತಡ ತಡೆಯುವ ಪಾತ್ರೆಗಳು ದುಬಾರಿ.

ಒಬ್ಬ ಎಂಜಿನಿಯರ್ ಹಿಡಿಯಬಹುದಾದ ಗಾತ್ರದ್ದು ಮೂರು: ನಿಯಂತ್ರಿತ ಹುದುಗುವಿಕೆ ಮತ್ತು ಯಾಂತ್ರಿಕ ಒಣಗಿಸುವಿಕೆಯಿಂದ ವಿಶೇಷ ದರ್ಜೆಯ ಕಾಫಿ ತಯಾರಿಸುವುದು, ಏಲಕ್ಕಿ ಮತ್ತು ಮೆಣಸಿನ ಸುಗಂಧತೈಲವನ್ನು ಹಬೆಯಲ್ಲಿ ಇಳಿಸುವುದು, ನೆರೆಯ ತೋಟಗಳಿಗೆ ಪಲ್ಪಿಂಗ್ ನೀರಿನ ಸಂಸ್ಕರಣಾ ಘಟಕ ಕಟ್ಟಿಕೊಡುವುದು. ಮೊದಲನೆಯದಕ್ಕೆ ಕಾಫಿ ಮಂಡಳಿಯ ಚೆಟ್ಟಳ್ಳಿ ಉಪಕೇಂದ್ರ, ಎರಡನೆಯದಕ್ಕೆ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಮಾರ್ಗದರ್ಶನಕ್ಕೆ ಹತ್ತಿರದಲ್ಲೇ ಇವೆ. ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯ ಬಗ್ಗೆ ಯಂತ್ರ ಕೊಳ್ಳುವ ಮುನ್ನವೇ ವಿಚಾರಿಸಿ. ಎರಡು ವರ್ಷ ಲಾಭವಿಲ್ಲದೆ ಮನೆ ನಡೆಸುವಷ್ಟು ಉಳಿತಾಯ ಕೈಯಲ್ಲಿರುವ ತನಕ ರಾಜೀನಾಮೆ ಕೊಡಬೇಡಿ. ಅಲ್ಲಿಯವರೆಗೆ ರಜಾದಿನಗಳಲ್ಲಿ ನಿಮ್ಮದೇ ತೋಟದ ಒಂದು ಕೊಯ್ಲಿನ ಹಣ್ಣಿನ ಮೇಲೆ ಪ್ರಯೋಗ ಮಾಡಿ, ತೇವಾಂಶ, ಸಮಯ, ಉಷ್ಣಾಂಶಗಳನ್ನು ಕಾರ್ಖಾನೆಯ ಲಾಗ್ ಪುಸ್ತಕದ ಶಿಸ್ತಿನಲ್ಲಿ ಬರೆದಿಡಿ.